ಅಜ್ಜನ ಸುರಂಗ, ನನ್ನ ಒಂದು ರಾತ್ರಿಯ ಲೆಕ್ಕ

ಪ್ರೀತಿಯ ಗೆಳೆಯಾ,

ಫೋನು ಮಾಡಿದರೆ ಎತ್ತುವುದಿಲ್ಲ, ಎತ್ತಿದರೂ ‘ಮೀಟಿಂಗ್’ ಅಂತೀಯ. ಅದಕ್ಕೇ ಎಲ್ಲರ ಎದುರೇ ಬರೆಯುತ್ತಿದ್ದೇನೆ. ಕುಂಬಳೆ ಸ್ಟೇಷನ್ನಿನ ಆ ಕೊಡೆ ಇನ್ನೂ ನನ್ನ ಹತ್ತಿರವೇ ಇದೆ.

ಹೋದ ತಿಂಗಳು ನಮ್ಮ ಕಾಸರಗೋಡು ಕಡೆಯ ಬದಿಯಡ್ಕ ಪೇಟೆಯಲ್ಲಿ ಒಬ್ಬ ಬ್ರೋಕರ್ ಸಿಕ್ಕಿದ. ನಮ್ಮ ಗುಡ್ಡದ ಮೇಲೆ ಯಾವುದೋ ಕಂಪನಿಯ ಕಣ್ಣು ಬಿದ್ದಿದೆಯಂತೆ. ನಾವು ಕೊಡದಿದ್ದರೆ ಸರ್ಕಾರವೇ ಹಿಡಿದು ಕೊಡುತ್ತದಂತೆ. ಗಾಳಿಮಾತೇ ಇರಬಹುದು. ಆದರೆ ಅವತ್ತಿನಿಂದ ಸರಿಯಾಗಿ ನಿದ್ದೆ ಬಂದಿಲ್ಲ.

ತಲಪಾಡಿಯಿಂದ ಈಚೆಗೆ ಹೆದ್ದಾರಿ ಅಗಲ ಮಾಡುವಾಗ ಮನೆ, ಅಂಗಡಿ ಹೋದದ್ದನ್ನು ನೀನೂ ನೋಡಿದ್ದೀಯ. ಸಂಕಟವೇ. ಆದರೂ ಆ ರಸ್ತೆಯಲ್ಲಿ ನಾನೂ ಹೋಗುತ್ತೇನೆ, ಜಾಗ ಕಳಕೊಂಡವನೂ ಹೋಗುತ್ತಾನೆ. ಒಬ್ಬನ ಜಾಗ ಕಿತ್ತು ಇನ್ನೊಬ್ಬನ ವ್ಯಾಪಾರಕ್ಕೆ ಕೊಡುವುದು ಬೇರೆ ಮಾತು, ಅಲ್ವಾ?

ನಿದ್ದೆ ಬಾರದೆ ಓದುತ್ತಾ ಕೂತಾಗ ಅಮೆರಿಕದ ಸುಸೆಟ್ ಕೀಲೋ ಸಿಕ್ಕಳು. ನ್ಯೂ ಲಂಡನ್ ಊರಿನಲ್ಲಿ ಅವಳದ್ದೊಂದು ಗುಲಾಬಿ ಬಣ್ಣದ ಪುಟ್ಟ ಮನೆ. ಪಕ್ಕದಲ್ಲಿ ದೊಡ್ಡ ಔಷಧಿ ಕಂಪನಿ ಬಂತು. ಸುತ್ತ ಹೋಟೆಲು, ಆಫೀಸು ಕಟ್ಟಬೇಕು, ಮನೆ ಬಿಡು ಎಂದರು ನಗರದ ಆಡಳಿತದವರು. ಅವಳು ಬಿಡಲಿಲ್ಲ. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಸೋತಳು. ಐದು ಜಡ್ಜುಗಳು ಆ ಕಡೆ, ನಾಲ್ವರು ಅವಳ ಕಡೆ. ಊರಿಗೆ ಕೆಲಸ, ತೆರಿಗೆ ಬರುವುದಾದರೆ ಅದೂ ಸಾರ್ವಜನಿಕ ಉಪಯೋಗವೇ ಎಂದಿತು ಕೋರ್ಟು. ಕೊನೆಗೆ ಹೋಟೆಲೂ ಬರಲಿಲ್ಲ, ಔಷಧಿ ಕಂಪನಿಯೂ ಊರು ಬಿಟ್ಟಿತು. ಮನೆಗಳಿದ್ದ ಜಾಗ ವರ್ಷಗಟ್ಟಲೆ ಖಾಲಿ ಬಿತ್ತು. ಜನ ಸಿಟ್ಟಾದರು. 40ಕ್ಕೂ ಜಾಸ್ತಿ ರಾಜ್ಯಗಳು ತಮ್ಮ ಕಾನೂನು ತಿದ್ದಿದವು.

ನಮ್ಮಲ್ಲಿ ಭೂಸ್ವಾಧೀನಕ್ಕೆ 1894ರ ಬ್ರಿಟಿಷರ ಕಾನೂನು ಹೋಗಿ 2013ರದ್ದು ಬಂತು. ಖಾಸಗಿ ಕಂಪನಿಗೆ ಜಾಗ ಹಿಡಿಯಬೇಕಾದರೆ ಜಾಗ ಹೋಗುವವರಲ್ಲಿ ಶೇ. 80 ಕುಟುಂಬಗಳು ಒಪ್ಪಬೇಕು. ಸರ್ಕಾರವೂ ಖಾಸಗಿಯವರೂ ಸೇರಿ ಮಾಡುವುದಾದರೆ ಶೇ. 70. ಹಿಂದಿಗಿಂತ ಎಷ್ಟೋ ವಾಸಿ. ಆದರೆ ನೂರರಲ್ಲಿ ಉಳಿದ 20 ಮನೆಗಳಲ್ಲಿ ನಮ್ಮದೂ ಒಂದಾದರೆ? ಯಾರದೋ ಲಾಭಕ್ಕೆ ಆ 20 ಮನೆಯವರನ್ನು ಎಬ್ಬಿಸುವ ಅಧಿಕಾರ ಸರ್ಕಾರಕ್ಕೆ ಇರಲೇಬಾರದು ಅನ್ನುತ್ತೇನೆ ನಾನು. ಕಂಪನಿಗೆ ಜಾಗ ಬೇಕಾದರೆ ನಮ್ಮ ಜಗಲಿಗೆ ಬಂದು ಕೂತು ಕೇಳಲಿ. ಕೊಡುವುದಿಲ್ಲ ಎಂದರೆ ಎದ್ದು ಹೋಗಲಿ.

ನಮ್ಮ ಸುರಂಗ ನಿನಗೆ ಗೊತ್ತಲ್ಲ. ಅಜ್ಜ ನೀರಿಗಾಗಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು. ಬಗ್ಗಿಕೊಂಡೇ ಹೋಗಬೇಕು. ಕೈಯಲ್ಲಿನ ಮೇಣದ ಬತ್ತಿ ಮಂಕಾದರೆ ಗಾಳಿ ಸಾಲದು, ವಾಪಸ್ ಬರಬೇಕು. ಗೋಡೆಯಲ್ಲಿ ಅಜ್ಜನ ಪಿಕ್ಕಾಸಿನ ಗುರುತು ಇವತ್ತಿಗೂ ಕೈಗೆ ಸಿಗುತ್ತದೆ. ಮೇ ತಿಂಗಳಲ್ಲೂ ಸೀಳಿದ ಅಡಿಕೆ ಮರದ ದಂಬೆಯಲ್ಲಿ ಬೆರಳು ದಪ್ಪ ನೀರು ಇಳಿಯುತ್ತದೆ. ತೋಟ ಉಳಿದಿರುವುದು ಅದರಿಂದಲೇ. ಮೇಲಿನ ಗುಡ್ಡ ಸಮತಟ್ಟು ಮಾಡಿದರೆ ಆ ನೀರು ಎಲ್ಲಿಂದ ಬರಬೇಕು?

ಒಂದು ವಿಷಯ ಮನೆಯಲ್ಲಿ ಹೇಳಿಲ್ಲ. ಬ್ರೋಕರ್ ಸಿಕ್ಕ ರಾತ್ರಿ ನಾನು ಮೊಬೈಲಿನಲ್ಲಿ ಸೆಂಟ್ಸಿನ ಲೆಕ್ಕ ಹಾಕಿದೆ. ಹಳ್ಳಿಯಲ್ಲಾದರೆ ಮಾರುಕಟ್ಟೆ ಬೆಲೆಗಿಂತ ಎಷ್ಟೋ ಜಾಸ್ತಿ ಸಿಗಬಹುದು. ಎರಡು ಸಲ ಗುಣಿಸಿ ನೋಡಿದೆ. ಮಂಗಳೂರಿನ ಫ್ಲಾಟಿನ ಫೋಟೋಗಳನ್ನೂ ನೋಡಿದೆ. ಬೆಳಿಗ್ಗೆ ಅಪ್ಪ ಹಾರೆ ಹಿಡಿದು ಬಂದು, “ಮಳೆ ಹಿಡಿಯುವ ಮೊದಲು ಸುರಂಗದ ಮಣ್ಣು ತೆಗೀಬೇಕು” ಅಂದರು. ಅವರ ಮುಖ ನೋಡಲು ಆಗಲಿಲ್ಲ. ಸರ್ಕಾರಕ್ಕಿಂತ ಮೊದಲು ನಾನೇ ಗುಡ್ಡ ಬಿಟ್ಟುಕೊಟ್ಟಿದ್ದೆ, ಗೆಳೆಯಾ. ಒಂದು ರಾತ್ರಿಯ ಮಟ್ಟಿಗಾದರೂ.

ಇಷ್ಟೆಲ್ಲ ಬರೆಯಬೇಕೆಂದು ಕೂತಿರಲಿಲ್ಲ. ಇರಲಿ, ಬರೆದಾಯಿತು.

ಮೇ ಕೊನೆಗೆ ಬಾ. ಮಣ್ಣು ತೆಗೆಯುವ ಕೆಲಸ ಇನ್ನೂ ಅರ್ಧ ಬಾಕಿ ಇದೆ, ಅಪ್ಪನಿಗೆ ಮೊದಲಿನ ಹಾಗೆ ಬಗ್ಗಲು ಆಗುವುದಿಲ್ಲ. ಹಲಸಿನ ಹಣ್ಣಿನ ಕಡುಬು, ಅದೇ ನಮ್ಮ ಕೊಟ್ಟಿಗೆ, ಮಾಡಿಸುತ್ತೇನೆ. ಎಷ್ಟು ತಿಂದೆ ಎಂದು ಈ ಸಲ ಅಮ್ಮ ಎಣಿಸುವುದಿಲ್ಲ, ಮಾತು ತೆಗೆದುಕೊಂಡಿದ್ದೇನೆ. ಮಳೆ ಬಂದರೂ ಚಿಂತೆಯಿಲ್ಲ, ಕೊಡೆ ಇದೆಯಲ್ಲ.

ನಿನ್ನವ