ಮೂರು ಆಫೀಸಿಗೂ ಒಂದೇ ಐಪಿ ಸಾಲು: ಸರಿಪಡಿಸಿಕೊಡಿ

ಇವರಿಗೆ,
ವ್ಯವಸ್ಥಾಪಕರು,
ನೆಟ್‌ವರ್ಕ್ ಸೇವಾ ವಿಭಾಗ, ಹುಬ್ಬಳ್ಳಿ

ವಿಷಯ: ಗೋಕುಲ ರಸ್ತೆ, ತಾರಿಹಾಳ ಮತ್ತು ಗದಗ ಆಫೀಸುಗಳ ಐಪಿ ವಿಳಾಸ ಹಂಚಿಕೆ

ಮಾನ್ಯರೇ,

ನಮ್ಮ ಬಿಡಿಭಾಗಗಳ ಕಂಪನಿಗೆ ನೆಟ್‌ವರ್ಕ್ ಹಾಕಿಕೊಟ್ಟವರು ನೀವೇ. ಕೇಬಲ್ ಕೆಲಸ ಅಚ್ಚುಕಟ್ಟಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ರೂಟರ್ ಡಬ್ಬಿಯಿಂದ ತೆಗೆದಾಗ ಇದ್ದ, 192.168.1ರಿಂದ ಶುರುವಾಗುವ ಐಪಿ ವಿಳಾಸಗಳ (ನೆಟ್‌ವರ್ಕಿನಲ್ಲಿ ಒಂದೊಂದು ಯಂತ್ರವನ್ನು ಗುರುತಿಸುವ ಸಂಖ್ಯೆಗಳ) ಸಾಲನ್ನೇ ಮೂರೂ ಕಡೆ ಹಾಗೇ ಬಿಟ್ಟಿದ್ದೀರಿ.

ಆಫೀಸುಗಳು ಬೇರೆ ಬೇರೆ ಇದ್ದಷ್ಟು ದಿನ ನಡೆಯಿತು. ಈಗ ಗದಗದವರು ಇಲ್ಲಿನ, ಅಂದರೆ ಗೋಕುಲ ರಸ್ತೆಯ, ಸ್ಟಾಕ್ ನೋಡಬೇಕು ಅಂತ ವಿಪಿಎನ್ (ಇಂಟರ್ನೆಟ್ ಮೂಲಕ ಆಫೀಸುಗಳನ್ನು ಜೋಡಿಸುವ ಖಾಸಗಿ ದಾರಿ) ಹಾಕಿಸಿದ್ದೇವೆ. ಸರ್ವರ್ ಇರುವುದು 192.168.1.10ರಲ್ಲಿ. ಗದಗದ ಕಂಪ್ಯೂಟರಿಗೆ ಅದು ತನ್ನ ಆಫೀಸಿನದೇ ವಿಳಾಸ. ಅಲ್ಲೇ ಹುಡುಕುತ್ತದೆ, ವಿಪಿಎನ್ ಕಡೆ ಬರುವುದೇ ಇಲ್ಲ. ನಿಮ್ಮ ಹುಡುಗರು ಮಾತ್ರ ಪ್ರತಿ ಸಲ ಇಂಟರ್ನೆಟ್ ಲೈನ್ ಸರಿ ಇಲ್ಲ ಅಂತಾರೆ. ಲೈನ್ ಬದಲಿಸಿದರೆ ಇದು ಸರಿಹೋಗಲ್ಲ, ಅಲ್ವಾ?

ತಾರಿಹಾಳ ಗೋದಾಮಿನಲ್ಲಿ ಇನ್ನೂ ಜಾಸ್ತಿ ತೊಂದರೆ. ಬಿಲ್ ಪ್ರಿಂಟರಿಗೆ 192.168.1.50 ಅಂತ ನೀವೇ ಕೈಯಿಂದ ಹಾಕಿದ್ದೀರಿ. ಆದರೆ ಯಂತ್ರಗಳಿಗೆ ತಾನಾಗಿಯೇ ವಿಳಾಸ ಕೊಡುವ ಡಿಎಚ್‌ಸಿಪಿ 2ರಿಂದ 254ರ ತನಕ ಎಲ್ಲವನ್ನೂ ಹಂಚುತ್ತಿದೆ, 50 ಕೂಡ ಅದರೊಳಗೇ ಇದೆ. ಬೆಳಿಗ್ಗೆ ಪ್ರಿಂಟರ್ ಆಫ್ ಇದ್ದಾಗ ಯಾರದೋ ಫೋನ್ ವೈಫೈಗೆ ಸೇರಿತು, ಅದಕ್ಕೆ ಅದೇ ವಿಳಾಸ ಸಿಕ್ಕಿತು. ಆಮೇಲೆ ಪ್ರಿಂಟರ್ ಹಾಕಿದರೆ ಹಸಿರು ದೀಪ ಉರಿಯುತ್ತಿದೆ, ಕಂಪ್ಯೂಟರಿನಲ್ಲಿ ‘ಆಫ್‌ಲೈನ್’ ಅಂತ ಬರುತ್ತಿದೆ. ಮಾಲು ತುಂಬಿದ ಲಾರಿ ಗೇಟಿನ ಹತ್ತಿರ ಬಿಲ್ಲಿಗೆ ಕಾಯುತ್ತಾ ನಿಂತಿತು. ಚಾಲಕನ ಬೈಗುಳ ತಿಂದವರು ನಮ್ಮ ಗೋದಾಮಿನ ಹುಡುಗರು. ಅವರದೇನು ತಪ್ಪು?

ವಿಳಾಸಕ್ಕೇನು ಬರವೇ? ಖಾಸಗಿ ನೆಟ್‌ವರ್ಕ್‌ಗಳಿಗೆಂದೇ ಮೂರು ಸಾಲುಗಳನ್ನು 1996ರ ಆರ್‌ಎಫ್‌ಸಿ 1918 ಎಂಬ ಇಂಟರ್ನೆಟ್ ದಾಖಲೆ ಮೀಸಲಿಟ್ಟಿದೆ. 10ರಿಂದ ಶುರುವಾಗುವ ಸಾಲೊಂದರಲ್ಲೇ 1 ಕೋಟಿ 67 ಲಕ್ಷಕ್ಕೂ ಹೆಚ್ಚು ವಿಳಾಸಗಳಿವೆ. ಬಳಸಲು ಯಾರಿಗೂ ದುಡ್ಡು ಕೊಡಬೇಕಿಲ್ಲ.

ಗೋಕುಲ ರಸ್ತೆಗೆ 10.10, ತಾರಿಹಾಳಕ್ಕೆ 10.20, ಗದಗಕ್ಕೆ 10.30 ಕೊಡಿ. ಮುಂದೆ ಹಾವೇರಿಯಲ್ಲೂ ಶಾಖೆ ತೆರೆಯುವ ಯೋಚನೆ ಇದೆ, 10.40 ಖಾಲಿ ಇರಲಿ. ಒಳಗೆ ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾ, ಹೊರಗಿನವರ ವೈಫೈ ಎಲ್ಲಕ್ಕೂ ಬೇರೆ ಬೇರೆ ಭಾಗ ಮಾಡಿ. ಒಂದೊಂದರಲ್ಲೂ 254 ವಿಳಾಸ ಇದ್ದರೆ ನಮಗೆ ಧಾರಾಳ. ಪ್ರಿಂಟರ್, ಸರ್ವರ್‌ಗಳ ವಿಳಾಸ ಡಿಎಚ್‌ಸಿಪಿ ಹಂಚಿಕೆಯಿಂದ ಹೊರಗಿರಲಿ.

ಸುಮ್ನೆ ಬಂದು ಸೆಟ್ಟಿಂಗ್ ಬದಲಿಸಿ ಹೋಗಬೇಡಿ. ಯಾವ ಯಂತ್ರಕ್ಕೆ ಯಾವ ವಿಳಾಸ ಅಂತ ಮೊದಲು ಹಾಳೆಯಲ್ಲಿ ಬರೆದುಕೊಡಿ, ನಾವು ನೋಡಿ ಒಪ್ಪುತ್ತೇವೆ. ಬದಲಾವಣೆ ಭಾನುವಾರವೇ ಆಗಲಿ, ಗದಗದಿಂದ ಶುರುವಾಗಲಿ. ಇದು ಹೊಸ ಕೆಲಸವಲ್ಲ, ಇದಕ್ಕೆ ಬೇರೆ ಬಿಲ್ ಕಳಿಸಬೇಡಿ. ಗದಗದಲ್ಲಿ ಸ್ಟಾಕ್ ಪುಟ ತೆರೆದ ಮೇಲೆ ನಿಮ್ಮ ಬಾಕಿ ಹಣ ಕೊಡುತ್ತೇವೆ.

ಇಂತಿ,
ಕಂಪ್ಯೂಟರ್ ವಿಭಾಗ,
ಗೋಕುಲ ರಸ್ತೆ ಕಚೇರಿ, ಹುಬ್ಬಳ್ಳಿ