ಕೊನೇ ಮಾತು ಕೇಳಿಸಿಕೊಳ್ಳುವುದನ್ನು ಕಲಿಸಿದವರಿಗೆ

ನಮ್ಮ ನಾಟಕದ ಮೇಡಂ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಹಗಲು ಪಾಠ, ಸಂಜೆ ತಾಲೀಮು, ಬೇಸಿಗೆಯಲ್ಲಿ ಶಿಬಿರ, ಜಾತ್ರೆಯ ದಿನಗಳಲ್ಲಿ ತಾವೇ ಬಣ್ಣ ಹಚ್ಚಿಕೊಂಡು ರಂಗಕ್ಕೆ. ಹಳೆಯ ವಿದ್ಯಾರ್ಥಿಗಳು, ಪೋಷಕರು, ಸಹಶಿಕ್ಷಕರು ಸೇರಿ ಈ ಕೃತಜ್ಞತೆ ಬರೆಯುತ್ತಿದ್ದೇವೆ. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದರಿಂದ ಹಾಕಿಲ್ಲ. ಶಾಲು, ಹಾರ, ಫಲತಾಂಬೂಲ ಸಮಾರಂಭದ ದಿನ ಇದ್ದೇ ಇರುತ್ತವೆ. ಅವರು ಏನು ಕಲಿಸಿದರು ಎಂಬುದನ್ನು ತಪ್ಪಿಲ್ಲದೆ ಬರೆದಿಡುವುದು ಅದಕ್ಕಿಂತ ಮುಖ್ಯ ಎನ್ನಿಸಿತು.

ಗುಬ್ಬಿ ನಾಟಕ ಕಂಪನಿ 1884ರಲ್ಲಿ ಹುಟ್ಟಿದ ಜಿಲ್ಲೆ ಇದು. ರಂಗನಿರ್ದೇಶಕ ಬಿ.ವಿ. ಕಾರಂತರು ಹುಡುಗರಾಗಿದ್ದಾಗ ಮನೆ ಬಿಟ್ಟು ಬಂದು ಸೇರಿದ್ದು ಆ ಕಂಪನಿಯನ್ನೇ. ಇವತ್ತಿಗೂ ಸುಗ್ಗಿ ಮುಗಿದರೆ ಹಳ್ಳಿಗಳಲ್ಲಿ ಕುರುಕ್ಷೇತ್ರ ಶುರು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸ್ ಮಾಡಿಸುತ್ತಾರೆ, ಪಾರ್ಟು ತೆಗೆದುಕೊಂಡವರು ದುಡ್ಡು ಹಾಕುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ. ಮೇಡಂ ಕಲಿತದ್ದು ಹೆಗ್ಗೋಡಿನಲ್ಲಿ, 1980ರಲ್ಲಿ ಶುರುವಾದ ನೀನಾಸಮ್ ರಂಗಶಿಕ್ಷಣ ಕೇಂದ್ರದಲ್ಲಿ. ಹಾಗೆ ಕಲಿತು ಬಂದವರಲ್ಲಿ ಕೆಲವರಿಗೆ ಊರಿನ ಪೌರಾಣಿಕ ನಾಟಕ ಅಂದರೆ ತಾತ್ಸಾರ. ಇವರು ಮಾತ್ರ ಆ ನಾಟಕಗಳಲ್ಲಿ ದ್ರೌಪದಿಯಾಗಿ, ಕುಂತಿಯಾಗಿ ನಿಂತು, ಅಲ್ಲಿ ಸಿಕ್ಕಿದ್ದನ್ನೆಲ್ಲ ಶಾಲೆಗೆ ತಂದರು.

ಅಲ್ಲಿಂದ ತಂದದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಒಂದು ಪ್ರಶ್ನೆ. ಊರ ಗಂಡಸರು ತಿಂಗಳುಗಟ್ಟಲೆ ಕಲಿತ ನಾಟಕಕ್ಕೆ ಸ್ತ್ರೀಪಾತ್ರದ ಕಲಾವಿದೆಯರು ಬರುವುದು ನಾಟಕದ ದಿನ ಸಂಜೆ. ಒಟ್ಟಿಗೆ ತಾಲೀಮು ಮಾಡಿರುವುದಿಲ್ಲ, ಎದುರು ನಿಲ್ಲುವ ಭೀಮನ ಮುಖ ನೋಡಿರುವುದಿಲ್ಲ. ಬಣ್ಣದ ಮನೆಯಲ್ಲಿ ಕೂತು ಮೂರೇ ವಿಷಯ ಕೇಳುತ್ತಾರೆ: ಶ್ರುತಿ ಎಷ್ಟು, ಯಾವ ಸೈಡಿಂದ ಎಂಟ್ರಿ, ನಿಮ್ಮ ಕೊನೇ ಮಾತು ಯಾವುದು. ಎದುರಿನವರ ಮಾತು ಯಾವ ಪದಕ್ಕೆ ಮುಗಿದು ತನ್ನ ಸರದಿ ಬರುತ್ತದೆ ಎಂಬ ಆ ಕೊನೇ ಮಾತು ಗೊತ್ತಿದ್ದರೆ ಬೆಳಗಿನ ಜಾವದವರೆಗೂ ನಾಟಕ ತಡೆಯಿಲ್ಲದೆ ನಡೆಯುತ್ತದೆ. ತನ್ನ ಮಾತನ್ನು ಬಾಯಿಪಾಠ ಮಾಡುವ ಮೊದಲು ಎದುರಿನವರ ಕೊನೇ ಮಾತನ್ನು ಕಲಿಯಬೇಕು ಎಂಬ ಮೇಡಂ ಅವರ ಪಾಠ ಈ ಕಲಾವಿದೆಯರದ್ದು. ಅದನ್ನು ಅವರು ಪ್ರತಿ ಬ್ಯಾಚಿಗೂ ಹೇಳುತ್ತಿದ್ದರು. ಹಾಗಾಗಿ ನಮ್ಮ ಮೊದಲ ನಮಸ್ಕಾರ ಆ ತಾಯಂದಿರಿಗೆ.

ಶಾಲೆಯಲ್ಲಿ ಇದನ್ನು ಹೀಗೆ ಮಾಡಿಸುತ್ತಿದ್ದರು. ನಲವತ್ತು ನಿಮಿಷದ ನಾಟಕಕ್ಕೆ ನಲವತ್ತೈದು ದಿನ. ಮೊದಲ ಹತ್ತು ದಿನ ಯಾರಿಗೂ ಪಾತ್ರ ಇಲ್ಲ. ಎಲ್ಲರೂ ವೃತ್ತದಲ್ಲಿ ಕೂತು ಎಲ್ಲರ ಮಾತನ್ನೂ ಓದಬೇಕು. ಪಾತ್ರ ಹಂಚಿದ ಮೇಲೆ ಮಕ್ಕಳು ನೋಟ್‌ಬುಕ್ಕಿನ ಎಡಪುಟದಲ್ಲಿ ಎದುರಿನವರ ಕೊನೆಯ ನಾಲ್ಕು ಪದ, ಬಲಪುಟದಲ್ಲಿ ತಮ್ಮ ಮಾತು ಬರೆದುಕೊಳ್ಳಬೇಕು. ಪೂರ್ತಿ ಸ್ಕ್ರಿಪ್ಟಿನ ಜೆರಾಕ್ಸ್ ಕೊಟ್ಟರೆ ಮಕ್ಕಳು ತಮ್ಮ ಸಾಲುಗಳಿಗೆ ಮಾತ್ರ ಗೆರೆ ಹಾಕಿಕೊಂಡು ಉಳಿದದ್ದನ್ನು ನೋಡುವುದೇ ಇಲ್ಲ. ಆಮೇಲೆ ರಂಗದ ಮೇಲೆ ತನ್ನ ಸರದಿ ಬರುವವರೆಗೆ ಕಂಬದ ಹಾಗೆ ನಿಲ್ಲುತ್ತಾರೆ, ಮುಖ ಖಾಲಿ. ಎಡಪುಟ ತುಂಬಿದ ಮಗು ಹಾಗೆ ನಿಲ್ಲುವುದಿಲ್ಲ, ಏಕೆಂದರೆ ಅದು ಕೇಳಿಸಿಕೊಳ್ಳುತ್ತಿರುತ್ತದೆ. ಇನ್ನೊಂದು ಲಾಭ, ರಾಗಿ ಕೊಯ್ಲಿಗೆ ಒಂದಿಬ್ಬರು ಮಕ್ಕಳು ವಾರಗಟ್ಟಲೆ ಬಾರದಿದ್ದರೂ ತಾಲೀಮು ನಿಲ್ಲುತ್ತಿರಲಿಲ್ಲ. ಮೊದಲ ಹತ್ತು ದಿನದ ಓದಿನಿಂದ ಯಾರು ಬೇಕಾದರೂ ಯಾರ ಜಾಗಕ್ಕಾದರೂ ನಿಲ್ಲಬಲ್ಲವರಾಗಿರುತ್ತಿದ್ದರು.

ಪದ್ಯ ಕಲಿಸುವುದರಲ್ಲಿ ಅವರಷ್ಟು ಖಚಿತವಾದವರು ಕಡಿಮೆ. ಕಂದಪದ್ಯದಲ್ಲಿ ನಾಲ್ಕು ಮಾತ್ರೆಯ ಗಣಗಳು: ಮೊದಲನೇ ಮತ್ತು ಮೂರನೇ ಸಾಲಿನಲ್ಲಿ ಮೂರು ಗಣ, ಎರಡನೇ ಮತ್ತು ನಾಲ್ಕನೇ ಸಾಲಿನಲ್ಲಿ ಐದು, ಒಟ್ಟು 64 ಮಾತ್ರೆ. ತೊಂದರೆ ಎಲ್ಲಿ ಅಂದರೆ, ಕಂದದಲ್ಲಿ ಸಾಲು ಮುಗಿದಲ್ಲಿ ಪದ ಮುಗಿಯಬೇಕೆಂದೇನಿಲ್ಲ. ಪದ ಅರ್ಧಕ್ಕೆ ಒಡೆದು ಮುಂದಿನ ಸಾಲಿಗೆ ಹರಿಯುತ್ತದೆ. ಹಾಡುವವರು ಸಾಲಿನ ಕೊನೆಗೆ ಉಸಿರು ತೆಗೆದುಕೊಂಡು ಆಲಾಪನೆ ಎಳೆದರೆ ಪದ ಎರಡು ತುಂಡಾಗಿ ಅರ್ಥ ಮಣ್ಣುಪಾಲು. ಅದಕ್ಕೇ ಮೊದಲ ವಾರ ಹಾರ್ಮೋನಿಯಂ ಮುಚ್ಚಿಯೇ ಇರುತ್ತಿತ್ತು. ಮೊದಲು ಪದ್ಯವನ್ನು ಮನೆಮಾತಿನಂತೆ ಹೇಳುವುದು, ಆಮೇಲೆ ಚಪ್ಪಾಳೆ ತಟ್ಟಿ ಗಣ ಎಣಿಸುವುದು, ಆಮೇಲೆ ಉಸಿರು ಎಲ್ಲಿ ಎಂದು ಪೆನ್ಸಿಲ್ ಗುರುತು, ಕೊನೆಗೆ ರಾಗ. ಊರಿನ ಹಾರ್ಮೋನಿಯಂ ಮೇಷ್ಟ್ರು ಮೊದಮೊದಲು ಇದಕ್ಕೆ ಒಪ್ಪಲಿಲ್ಲ. ನಂತರ ತಮ್ಮ ಕುರುಕ್ಷೇತ್ರದ ಹುಡುಗರಿಗೂ ಚಪ್ಪಾಳೆ ತಟ್ಟಿಸಿದರು. ಅವರಿಗೂ ನಾವು ಋಣಿ.

ಎಂಟು, ಒಂಬತ್ತನೇ ಕ್ಲಾಸಿನ ಗಂಡುಮಕ್ಕಳ ದನಿ ಒಡೆಯುವ ಕಾಲ. ಜುಲೈಯಲ್ಲಿ ಬಿಳಿ ನಾಲ್ಕರಲ್ಲಿ, ಅಂದರೆ ಹಾರ್ಮೋನಿಯಂನ ನಾಲ್ಕನೇ ಬಿಳಿ ಮನೆಯ ಶ್ರುತಿಯಲ್ಲಿ, ಸಲೀಸಾಗಿ ಹಾಡಿದ ಹುಡುಗ ಡಿಸೆಂಬರ್ ವಾರ್ಷಿಕೋತ್ಸವದ ಹೊತ್ತಿಗೆ ಮೇಲಿನ ಸ್ವರ ಮುಟ್ಟಲಾರ. ಬಲವಂತ ಮಾಡಿದರೆ ಗಂಟಲು ಕೆಡುತ್ತದೆ, ನಾಚಿಕೆಯಿಂದ ಮಗು ನಾಟಕವನ್ನೇ ಬಿಡುತ್ತದೆ. ಮೇಡಂ ಪ್ರತಿ ತಿಂಗಳು ಶ್ರುತಿ ನೋಡಿ ಇಳಿಸುತ್ತಿದ್ದರು; ಅದಕ್ಕೂ ದಕ್ಕದಿದ್ದರೆ ಹಾಡನ್ನು ಮೇಳಕ್ಕೆ ಕೊಟ್ಟು ಹುಡುಗನಿಗೆ ಮಾತು ಉಳಿಸುತ್ತಿದ್ದರು. "ಕೂಗಬೇಡ ಕಣಪ್ಪ, ಕಳಿಸು" ಅನ್ನುವುದು ಅವರ ಮಾತು. ಕೊನೇ ಬೆಂಚಿನಲ್ಲಿ ಒಬ್ಬರನ್ನು ಕೂರಿಸಿ, ಅವರಿಗೆ ಕೇಳಿದರೆ ಕೈ ಎತ್ತಬೇಕು, ಅಷ್ಟೇ ಪರೀಕ್ಷೆ. ಗಂಟಲಿನಿಂದ ಕೂಗಿದ ದನಿ ದೂರಕ್ಕೆ ಸದ್ದಾಗಿ ತಲುಪುತ್ತದೆ, ಮಾತಾಗಿ ತಲುಪುವುದಿಲ್ಲ. ಪದದ ಕೊನೆಯ ಅಕ್ಷರ ನುಂಗದಿದ್ದರೆ ಅರ್ಧ ದನಿಯಲ್ಲೂ ಕೇಳುತ್ತದೆ. ಕೊನೇ ಅಕ್ಷರ ನುಂಗಿದರೆ ಎದುರಿನವನಿಗೆ ಕೊನೇ ಮಾತೂ ಸಿಗುವುದಿಲ್ಲ!

ಲೈಟಿನ ವಿಷಯ ಚಿಕ್ಕದಾಗಿ. ಕ್ಲಾಸ್‌ರೂಮಿನ 5 ಆಂಪ್ ಪ್ಲಗ್ಗಿಗೆ 500 ವ್ಯಾಟಿನ ಹ್ಯಾಲೋಜನ್ ಎರಡು ಮಾತ್ರ. ಮೂರನೆಯದು ಹಾಕಿದರೆ ನಾಟಕದ ನಡುವೆ ಫ್ಯೂಸ್ ಹೋಗುತ್ತದೆ. ಆರು ಬೇಕಿದ್ದರೆ 3000 ವ್ಯಾಟ್, ಸುಮಾರು 13 ಆಂಪ್. ಮೇನ್ ಬೋರ್ಡಿನಿಂದ ಬೇರೆ ಲೈನ್ ಎಳೆಯಬೇಕು, ವೈರಿನ ಸುರುಳಿ ಪೂರ್ತಿ ಬಿಚ್ಚಬೇಕು, ಸುತ್ತಿಟ್ಟ ವೈರು ಕಾಯುತ್ತದೆ. ಕಿರೀಟ ಇಟ್ಟವರಿಗೆ ನೆತ್ತಿಯ ಮೇಲಿನಿಂದ ಬೆಳಕು ಬಿಟ್ಟರೆ ಕಣ್ಣು ಕತ್ತಲು, ಆದ್ದರಿಂದ ಎರಡೂ ಬದಿಯಿಂದ ಓರೆಯಾಗಿ. ಇದನ್ನೆಲ್ಲ ಪ್ರತಿ ವರ್ಷ ಬಿಡಿಗಾಸು ಪಡೆಯದೆ ಮಾಡಿಕೊಟ್ಟ ಎಲೆಕ್ಟ್ರಿಷಿಯನ್ ಅಣ್ಣನಿಗೆ ವಂದನೆ.

ಮುಖವಾಡಗಳ ಬಗ್ಗೆ ಬರೆಯದಿದ್ದರೆ ಮಕ್ಕಳು ಒಪ್ಪುವುದಿಲ್ಲ. ಬಿಸಿಯೂಟದ ಅಡುಗೆಯಮ್ಮಂದಿರು ಒಂದು ಲೋಟ ಮೈದಾಕ್ಕೆ ಐದು ಲೋಟ ನೀರು ಹಾಕಿ ಗಂಟಿಲ್ಲದಂತೆ ಅಂಟು ಕಾಸಿ ಕೊಡುತ್ತಿದ್ದರು. ಪೇಪರ್ ಏಳು ಪದರ: ಒಂದು ಪದರ ಕಪ್ಪುಬಿಳುಪು ಪುಟದ್ದು, ಮುಂದಿನದು ಬಣ್ಣದ ಪುರವಣಿಯದು. ಹಾಗೆ ಮಾಡಿದರೆ ಯಾವ ಪದರ ಎಲ್ಲಿ ತುಂಬಿಲ್ಲ ಎಂದು ಮಗುವಿಗೇ ಕಾಣುತ್ತದೆ. ಬಿಸಿಲಿಗಿಟ್ಟರೆ ಮೇಲ್ಪದರ ಬೇಗ ಒಣಗಿ ಒಳಗಿನದು ಹಸಿಯಾಗಿ ಉಳಿದು ಮುಖವಾಡ ಸೊಟ್ಟಗಾಗುತ್ತದೆ, ಆದ್ದರಿಂದ ನೆರಳಲ್ಲಿ ಎರಡು ದಿನ. ಬಾಯಿ ಮುಚ್ಚುವ ಮುಖವಾಡವನ್ನು ಮಾತಿರುವ ಪಾತ್ರಕ್ಕೆ ಎಂದೂ ಕೊಡಲಿಲ್ಲ, ಮೂಗಿನವರೆಗೆ ಮಾತ್ರ.

ಹಳೆಯ ಬಣ್ಣದ ಪೆಟ್ಟಿಗೆಗಳಲ್ಲಿ ಇರುತ್ತಿದ್ದ ಇಂಗಳೀಕದಲ್ಲಿ ಪಾದರಸ, ಅರದಾಳದಲ್ಲಿ ಆರ್ಸೆನಿಕ್ ಇರುತ್ತದೆ. ಅವು ಮಕ್ಕಳ ಮುಖದ ಹತ್ತಿರ ಸುಳಿಯಬಾರದು ಎಂಬ ನಿಯಮ ಮೊದಲ ದಿನದಿಂದಲೂ ಇತ್ತು. ಮೀಸೆಯ ಅಂಟನ್ನು ಹಿಂದಿನ ದಿನವೇ ಮುಂಗೈ ಒಳಭಾಗಕ್ಕೆ ಸವರಿ ನೋಡಬೇಕು, ಕೆಂಪಾದರೆ ಆ ಮಗುವಿಗೆ ಕಾಡಿಗೆಯ ಮೀಸೆ. ನಾಟಕ ಮುಗಿದ ಮೇಲೆ ಮೀಸೆ ಕೀಳುವ ಮಕ್ಕಳನ್ನು ಸಾಲಾಗಿ ಕೂರಿಸಿ, ಹತ್ತಿಯಲ್ಲಿ ಕೊಬ್ಬರಿ ಎಣ್ಣೆ ಅದ್ದಿ, ಮೀಸೆಯ ಅಂಚಿಗೆ ಒತ್ತಿ ಹಿಡಿದು, ಅದು ತಾನಾಗಿ ಸಡಿಲವಾಗುವವರೆಗೆ ಕಾಯುತ್ತಿದ್ದರು. ರಾತ್ರಿ ಹನ್ನೊಂದಾಗಲಿ, ಹನ್ನೆರಡಾಗಲಿ, ಎಲ್ಲರ ಮುಖ ತೊಳೆದಾದ ಮೇಲೆಯೇ ತಮ್ಮ ಬಣ್ಣ.

ನಾಟಕದ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡಿ ಎಂದು ಕೇಳುವ ಕಾಲ ಪ್ರತಿ ಶಾಲೆಯಲ್ಲೂ ಬರುತ್ತದೆ, ಇಲ್ಲಿಯೂ ಬಂದಿತ್ತು. ಬೆಳಗಿನ ಎಂಟು ಗಂಟೆಗೇ ಬಾಗಿಲು ತೆಗೆಸಿಕೊಟ್ಟು ತಾಲೀಮು ಉಳಿಸಿದ ಅಂದಿನ ಮುಖ್ಯಶಿಕ್ಷಕರಿಗೆ, ಸೀರೆ ಹರಿದು ಪಂಚೆ ಕಚ್ಚೆ ಹೊಲಿದ ತಾಯಂದಿರಿಗೆ, ಟ್ರ್ಯಾಕ್ಟರಿನಲ್ಲಿ ಸೀನರಿ ಸಾಗಿಸಿದ ಊರಿನವರಿಗೆ ನಮ್ಮ ಕೃತಜ್ಞತೆ.

ಮೇಡಂ, ನೀವು ಬಿಟ್ಟು ಹೋಗುತ್ತಿರುವ ಎರಡು ಟ್ರಂಕುಗಳು ಲ್ಯಾಬಿನ ಪಕ್ಕದ ಕೋಣೆಯಲ್ಲಿವೆ. ಕೀಲಿ ವಿಜ್ಞಾನದ ಮೇಷ್ಟ್ರ ಹತ್ತಿರ ಇದೆ. ಕಿರೀಟಗಳಿಗೆ ನುಸಿ ಹಿಡಿಯದಂತೆ ಬೇವಿನ ಎಲೆ ಹಾಕಿದ್ದೇವೆ, ಮಳೆಗಾಲಕ್ಕೆ ಮೊದಲು ಮತ್ತೆ ಬದಲಾಯಿಸುತ್ತೇವೆ. ನಿಮ್ಮ ಎಡಪುಟ, ಬಲಪುಟದ ನೋಟ್‌ಬುಕ್ಕುಗಳನ್ನೆಲ್ಲ ವರ್ಷವಾರು ಜೋಡಿಸಿಟ್ಟಿದ್ದೇವೆ. ಬೇರೆ ಶಾಲೆಯವರು ಯಾರಾದರೂ ಬಂದು ನಕಲು ಮಾಡಿಕೊಳ್ಳಬಹುದು. ಜೂನ್ ಎರಡನೇ ಶನಿವಾರ ವೃತ್ತದಲ್ಲಿ ಕೂತು ಓದು ಶುರು. ಹತ್ತು ದಿನ ಯಾರಿಗೂ ಪಾತ್ರ ಇಲ್ಲ.