ಕ್ಷುದ್ರಗ್ರಹ ಯಾನದ ಅನಿಮೇಷನ್: ಬೀಸಣಿಗೆಯ ಲೆಕ್ಕ ತಪ್ಪದಿರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕೊಡಗಿನ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಥರ್ಮೊಕೋಲ್ ಮಾದರಿಗಳ ಪಕ್ಕ ಈಗ ಲ್ಯಾಪ್‌ಟಾಪ್‌ಗಳೂ ಕೂರುತ್ತಿವೆ. ಗಗನನೌಕೆಯ ಪಯಣವನ್ನು ಮಕ್ಕಳೇ ಅನಿಮೇಷನ್ ಮಾಡಿ ತೋರಿಸುತ್ತಾರೆ. ಬಹಳ ಸಂತೋಷದ ಸಂಗತಿ. ಆದರೆ ಟಿವಿ ಸುದ್ದಿಯಲ್ಲಿ, ಪತ್ರಿಕೆಗಳ ಜಾಲತಾಣಗಳಲ್ಲಿ ಅವರು ನೋಡಿ ಕಲಿಯುವ ವಿಡಿಯೊಗಳಲ್ಲಿ ಸೌರಫಲಕ ಗುಂಡಿ ಒತ್ತಿದ ಕೊಡೆಯಂತೆ ಫಟ್ಟನೆ ಬಿಚ್ಚಿಕೊಳ್ಳುತ್ತದೆ, ನೌಕೆ ಬಂಡೆಗಳ ಸಂದಣಿಯಲ್ಲಿ ನುಸುಳುತ್ತದೆ, ದೂರದ ಕ್ಷುದ್ರಗ್ರಹ ಹುಣ್ಣಿಮೆಯ ಚಂದ್ರನಂತೆ ಬೆಳಗುತ್ತದೆ. ಮೂರೂ ತಪ್ಪು. ಸರಿಯಾಗಿ ಮಾಡಲು ದುಬಾರಿ ಸಲಕರಣೆ ಏನೂ ಬೇಡ. ಬ್ಲೆಂಡರ್ ಎಂಬ ಉಚಿತ ಅನಿಮೇಷನ್ ತಂತ್ರಾಂಶ, ಎಲ್ಲರಿಗೂ ತೆರೆದಿರುವ ಅಂಕಿಗಳು, ಹೈಸ್ಕೂಲಿನ ತ್ರಿಕೋನಮಿತಿ ಸಾಕು. ನಾಸಾದ ಲೂಸಿ ನೌಕೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ವಿವರಿಸಲು ನಿಮ್ಮ ಅಂಕಣದಲ್ಲಿ ಸ್ವಲ್ಪ ಜಾಗ ಕೋರುತ್ತೇವೆ.

ಲೂಸಿ ಹೊರಟಿದ್ದು 2021ರ ಅಕ್ಟೋಬರ್ 16ರಂದು. ಗುರುಗ್ರಹದ ಕಕ್ಷೆಯಲ್ಲೇ ಗುರುವಿಗಿಂತ 60 ಡಿಗ್ರಿ ಮುಂದೆ ಒಂದು ಹಿಂಡು, 60 ಡಿಗ್ರಿ ಹಿಂದೆ ಇನ್ನೊಂದು ಹಿಂಡು ಸಾಗುತ್ತವೆ. ಟ್ರೋಜನ್ ಎಂದು ಕರೆಯುವ ಈ ಕ್ಷುದ್ರಗ್ರಹಗಳೇ ಅದರ ಗುರಿ. ಅಲ್ಲಿ ಬಿಸಿಲು ತೀರಾ ತೆಳು. ಅದಕ್ಕೇ 7.3 ಮೀಟರ್ ವ್ಯಾಸದ ಎರಡು ದುಂಡು ಫಲಕಗಳು. ಮಡಿಸಿದಾಗ ಅವುಗಳ ದಪ್ಪ ಸುಮಾರು 10 ಸೆಂ.ಮೀ. ಮಾತ್ರ. ಬಿಚ್ಚುವುದು ಬೀಸಣಿಗೆಯ ಹಾಗೆ: ಒಂದು ಅಂಚು ನೌಕೆಗೆ ಬಿಗಿದಿರುತ್ತದೆ; ಇನ್ನೊಂದನ್ನು ಮೋಟಾರು ಹುರಿ ಸುತ್ತಿಕೊಳ್ಳುತ್ತಾ ಪೂರ್ತಿ 360 ಡಿಗ್ರಿ ಎಳೆದು ತರುತ್ತದೆ; ಎರಡು ಅಂಚೂ ಕೂಡಿದಾಗ ಚಿಲಕ ಬೀಳುತ್ತದೆ. ಮಡಿಕೇರಿ ದಸರಾದ ದಶಮಂಟಪಗಳಿಗೆ ಕೈ ಎತ್ತುವ, ತಲೆ ತಿರುಗಿಸುವ ಕಲಾಕೃತಿಗಳನ್ನು ಕಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾವ ಕೀಲಿನ ಸುತ್ತ ತಿರುಗುತ್ತದೆ, ಎಳೆಯುವುದು ಯಾವುದು, ನಿಲ್ಲಿಸುವುದು ಯಾವುದು ಎಂದು ಮೊದಲು ಗೊತ್ತಾಗಬೇಕು, ಬಣ್ಣ ಆಮೇಲೆ.

ಹೆಚ್ಚಿನವರು ಎಡವುವುದು ಮಡಿಕೆಯ ಲೆಕ್ಕದಲ್ಲಿ. ಅಭ್ಯಾಸದ ಮಾದರಿಗೆ ಫಲಕವನ್ನು 10 ತುಂಡು ಮಾಡಿ. ಪ್ರತಿ ತುಂಡಿಗೂ ಎರಡು ಬದಿಯಲ್ಲಿ ಕಡ್ಡಿ, ನಡುವೆ ಒಂದು ಮಡಿಕೆ. ಪೂರ್ತಿ ತೆರೆದಾಗ ತುಂಡಿನ ಕೋನ 36 ಡಿಗ್ರಿ, ಕಡ್ಡಿಯಿಂದ ಮಡಿಕೆಗೆ 18. ಫಲಕ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಈ 18 ಎಂದೂ ಬದಲಾಗಬಾರದು. ಹಾಗಾಗಿ ಮಡಿಕೆ ಎಷ್ಟು ಮೇಲೆದ್ದಿರಬೇಕು ಎಂಬುದಕ್ಕೆ ಸೂತ್ರ ಹೀಗೆ: 18 ಡಿಗ್ರಿಯ ಕೊಸೈನನ್ನು, ಎರಡು ಕಡ್ಡಿಗಳ ನಡುವಿನ ಕೋನದ ಅರ್ಧದ ಕೊಸೈನಿನಿಂದ ಭಾಗಿಸಿ. ಬಂದ ಸಂಖ್ಯೆ ಯಾವ ಕೋನದ ಕೊಸೈನೋ ಅದೇ ಮಡಿಕೆಯ ಎತ್ತರದ ಕೋನ. ಬೀಸಣಿಗೆ ಅರ್ಧ ತೆರೆದಾಗ ಕಡ್ಡಿಗಳ ನಡುವೆ 18 ಡಿಗ್ರಿ ಇರುತ್ತದೆ. ಆಗ ಮಡಿಕೆಯೂ ಅರ್ಧಕ್ಕೆ, ಅಂದರೆ 9 ಡಿಗ್ರಿಗೆ ಇಳಿದಿರುತ್ತದೆ ಎಂದು ಎಲ್ಲರೂ ಎಣಿಸುತ್ತಾರೆ. ಲೆಕ್ಕ ಹೇಳುವುದು 15.7. ಅಲ್ಲಿ 9 ಇಟ್ಟರೆ ಕಡ್ಡಿಗೂ ಮಡಿಕೆಗೂ ನಡುವಿನ 18 ಡಿಗ್ರಿ 12.7ಕ್ಕೆ ಇಳಿಯುತ್ತದೆ, ಫಲಕ ಶೇ 30ರಷ್ಟು ಮುದುಡಿಕೊಂಡು ಮತ್ತೆ ಹಿಗ್ಗಿದಂತೆ, ರಬ್ಬರಿನಂತೆ ಕಾಣುತ್ತದೆ. ನೋಡುವವರಿಗೆ ಎಲ್ಲೋ ಏನೋ ಸರಿಯಿಲ್ಲ ಅನಿಸುವುದು ಇದರಿಂದಲೇ.

ಈ ಸೂತ್ರವನ್ನು ಬ್ಲೆಂಡರಿನಲ್ಲಿ ಸೂತ್ರದಿಂದ ಚಲನೆ ನಡೆಸುವ ಡ್ರೈವರ್‌ನಲ್ಲಿ ಬರೆದರೆ ಒಂದೇ ಸಂಖ್ಯೆಯಿಂದ ಇಡೀ ಬೀಸಣಿಗೆ ಬಿಚ್ಚುತ್ತದೆ. ಕೋನಗಳನ್ನು ರೇಡಿಯನ್‌ನಲ್ಲಿ ಕೊಡಬೇಕು. 360 ಮುಟ್ಟುವಾಗ ಭಾಗಲಬ್ಧ ದಶಮಾಂಶದ ಕೊನೆಯ ಅಂಕಿಯಲ್ಲಿ 1ನ್ನು ಮೀರಿದರೆ ಡ್ರೈವರ್ ಕೆಟ್ಟು ನಿಲ್ಲುತ್ತದೆ, ಆದ್ದರಿಂದ 1ಕ್ಕೆ ಮಿತಿ ಹಾಕಿ. ನಾವು ಸ್ಥಾನ ಗುರುತಿಸಿಟ್ಟ ಕೀಫ್ರೇಮ್‌ಗಳ ನಡುವಿನ ಚಲನೆ ತಾನಾಗಿಯೇ ಬೆಜಿಯರ್ ಆಗಿರುತ್ತದೆ, ನಿಧಾನವಾಗಿ ಹೊರಟು ನಿಧಾನವಾಗಿ ನಿಲ್ಲುತ್ತದೆ. ಹುರಿ ಸುತ್ತುವ ಮೋಟಾರು ಹಾಗೆ ಓಡುವುದಿಲ್ಲ. ಅದನ್ನು ಲೀನಿಯರ್, ಅಂದರೆ ಒಂದೇ ವೇಗದ್ದು ಮಾಡಿ.

ಮುಖ್ಯವಾದ ಮಾತು ಇನ್ನೊಂದಿದೆ. ಲೂಸಿಯ ಎರಡು ಫಲಕಗಳಲ್ಲಿ ಒಂದಕ್ಕೆ ಚಿಲಕ ಬೀಳಲೇ ಇಲ್ಲ. ಹುರಿಯ ಬಿಗಿ ತಪ್ಪಿ, ಅದು ಸುತ್ತಬೇಕಾದ ಉರುಳೆ ಬಿಟ್ಟು ಮೋಟಾರಿನ ದಂಡಕ್ಕೆ ಸುತ್ತಿಕೊಂಡಿತ್ತು. ಫಲಕ ಸುಮಾರು 345 ಡಿಗ್ರಿಯಲ್ಲಿ ನಿಂತಿತು. 2022ರಲ್ಲಿ ಮುಖ್ಯ ಮೋಟಾರನ್ನೂ ಮೀಸಲು ಮೋಟಾರನ್ನೂ ಒಟ್ಟಿಗೆ ಓಡಿಸಿ, ಹಲವು ಸಲ ಎಳೆದು, 353ರಿಂದ 357 ಡಿಗ್ರಿಯ ನಡುವೆ ತಂದು ಬಿಟ್ಟರು. ಬಿಗಿ ಸಾಕಷ್ಟಿದೆ ಎಂದು ಯಾನ ಮುಂದುವರಿಯಿತು. 15 ಡಿಗ್ರಿ ಅಂದರೆ ಏನು ಮಹಾ ಎನ್ನುವವರು ನಮ್ಮ 10 ತುಂಡಿನ ಮಾದರಿಯಲ್ಲಿ ನೋಡಲಿ: 345ರಲ್ಲಿ ಪ್ರತಿ ಮಡಿಕೆಯೂ ಇನ್ನೂ 5.2 ಡಿಗ್ರಿ ಎದ್ದಿರುತ್ತದೆ, 357ಕ್ಕೆ ಬಂದಾಗಲೂ 2.4. ಮಡಿಕೆ ಚಪ್ಪಟೆಯಾಗುವುದು ಕಟ್ಟಕಡೆಯ ಎಳೆತದಲ್ಲೇ. ಲೂಸಿಯ ಅನಿಮೇಷನ್ ಮಾಡುವವರು ಒಂದು ಫಲಕವನ್ನು ಪೂರ್ತಿ ದುಂಡಾಗಿ, ಇನ್ನೊಂದನ್ನು ಸಣ್ಣ ಸೀಳು ಉಳಿಸಿ ತೋರಿಸಲೇಬೇಕು. ಆ ಸೀಳಿನಲ್ಲಿ ಎಂಜಿನಿಯರುಗಳ ತಿಂಗಳುಗಟ್ಟಲೆ ದುಡಿಮೆ ಇದೆ.

ಇನ್ನು ದೂರ. ಸೂರ್ಯನಿಂದ ಗುರುವಿಗೆ ಸುಮಾರು 78 ಕೋಟಿ ಕಿ.ಮೀ. ಮಡಿಕೇರಿಯಿಂದ ಕುಶಾಲನಗರಕ್ಕೆ ಇರುವ ಸುಮಾರು 30 ಕಿ.ಮೀ. ರಸ್ತೆಯೇ ಆ ದೂರ ಎಂದುಕೊಳ್ಳಿ. ಆಗ ಸೂರ್ಯ ಸುಮಾರು 54 ಮೀಟರ್ ಅಗಲ, 5.8 ಕಿ.ಮೀ. ಆಚೆ ಅರ್ಧ ಮೀಟರಿನ ಭೂಮಿ. ಲೂಸಿ 2033ರ ಮಾರ್ಚ್ 2ರಂದು ನೋಡಲಿರುವ ಪೆಟ್ರೋಕ್ಲಸ್ ಮತ್ತು ಮೆನಿಷಿಯಸ್ ಎಂಬ ಟ್ರೋಜನ್ ಜೋಡಿ 4 ಮಿ.ಮೀ. ಆಸುಪಾಸಿನ ಎರಡು ಕರಿಮೆಣಸಿನ ಕಾಳುಗಳು, ನಡುವೆ ಒಂದು ಇಂಚು ಅಂತರ. ಬಣ್ಣವೂ ಹೆಚ್ಚುಕಡಿಮೆ ಮೆಣಸಿನದೇ, ಬಿದ್ದ ಬೆಳಕಿನಲ್ಲಿ ಶೇ 4ರಿಂದ 7ರಷ್ಟನ್ನು ಮಾತ್ರ ಹಿಂದಿರುಗಿಸುವ ಕಪ್ಪು. ಇಷ್ಟು ವಿರಳವಾದ ಬಯಲಲ್ಲಿ ಬಂಡೆಗಳ ಸಂದಣಿ ಎಲ್ಲಿಂದ ಬರಬೇಕು?

ಈ ದೂರವನ್ನು ಹಾಗೇ ಕಂಪ್ಯೂಟರಿಗೆ ಕೊಟ್ಟರೆ ನೌಕೆ ನಡುಗುತ್ತದೆ. ಮಕ್ಕಳು ಮಾದರಿಯಲ್ಲಿ ದೋಷ ಹುಡುಕಿ ಸುಸ್ತಾಗುತ್ತಾರೆ, ದೋಷ ಇರುವುದು ಸಂಖ್ಯೆಯಲ್ಲಿ. ಬ್ಲೆಂಡರ್ ವಸ್ತುವಿನ ಸ್ಥಾನವನ್ನು ಸುಮಾರು 7 ಅಂಕಿಗಳ ನಿಖರತೆಯಲ್ಲಷ್ಟೇ ಇಟ್ಟುಕೊಳ್ಳುತ್ತದೆ. 78 ಸಾವಿರ ಕೋಟಿ ಮೀಟರ್ ದೂರದಲ್ಲಿ ಎರಡು ಅಕ್ಕಪಕ್ಕದ ಸ್ಥಾನಗಳ ನಡುವೆ 65 ಕಿ.ಮೀ.ಗೂ ಹೆಚ್ಚು ಅಂತರ ಬೀಳುತ್ತದೆ, ನೌಕೆಯೋ ಹದಿನೈದು ಮೀಟರಿನ ಆಸುಪಾಸು. ಪರಿಹಾರ ಸುಲಭ: ನೌಕೆಯನ್ನು ಸೊನ್ನೆಯಲ್ಲೇ ನಿಲ್ಲಿಸಿ, ಉಳಿದೆಲ್ಲವನ್ನೂ ಅದರ ಸುತ್ತ ಸರಿಸಿ. ಪ್ರತಿ ಸ್ಥಾನದಿಂದ ನೌಕೆಯ ಸ್ಥಾನವನ್ನು ಕಳೆಯುವ ಲೆಕ್ಕವನ್ನು ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ ಮೊದಲೇ ಮುಗಿಸಿರಬೇಕು. ಅಲ್ಲಿ ಅದೇ ದೂರದಲ್ಲಿ 0.1 ಮಿ.ಮೀ. ಆಸುಪಾಸಿನ ನಿಖರತೆ ಸಿಗುತ್ತದೆ. ಕಕ್ಷೆಗಳನ್ನು ತೋರಿಸುವ ದೃಶ್ಯಕ್ಕೆ ಬೇರೆಯದೇ ಸೀನ್ ಇರಲಿ, ಅದರಲ್ಲಿ 1 ಮಾನ ಅಂದರೆ 10 ಲಕ್ಷ ಕಿ.ಮೀ.

ಸ್ಥಾನಗಳ ಪಟ್ಟಿಯನ್ನು ನಾಸಾದ ಪ್ರಯೋಗಾಲಯವಾದ ಜೆಪಿಎಲ್‌ನ ಹೊರೈಜನ್ಸ್ ಸೇವೆ ಉಚಿತವಾಗಿ ಕೊಡುತ್ತದೆ. ಸೂರ್ಯನನ್ನು ಕೇಂದ್ರವಾಗಿಟ್ಟು ವೆಕ್ಟರ್ (ಸ್ಥಾನ, ವೇಗಗಳ) ಪಟ್ಟಿ ಕೇಳಿ: ಸಾಗುವ ದಾರಿಗೆ ದಿನಕ್ಕೊಂದು ಬಿಂದು, ಹತ್ತಿರ ಹಾಯುವಾಗ ನಿಮಿಷಕ್ಕೊಂದು. ಭೂಮಿಯ ಪಕ್ಕ ಹಾದ 2022ರ ಅಕ್ಟೋಬರ್ 16 ಮತ್ತು 2024ರ ಡಿಸೆಂಬರ್ 13ರಂದು ದಿನಕ್ಕೊಂದು ಬಿಂದು ಇಟ್ಟರೆ ನೌಕೆ ಭೂಮಿಯೊಳಗೇ ತೂರಿದಂತೆ ಕಾಣಬಹುದು. ಇಡೀ 4,155 ದಿನಗಳ ಯಾನವನ್ನು ಒಂದು ನಿಮಿಷಕ್ಕೆ, ಸೆಕೆಂಡಿಗೆ 25ರಂತೆ 1,500 ಫ್ರೇಮ್‌ಗಳಿಗೆ ಇಳಿಸಿದರೆ ಫ್ರೇಮಿಗೆ 2.77 ದಿನ. 2023ರ ನವೆಂಬರ್ 1ರಂದು ಲೂಸಿ ಡಿಂಕಿನೇಶ್ ಎಂಬ ಕ್ಷುದ್ರಗ್ರಹದ ಪಕ್ಕ ಹಾದದ್ದು ಸೆಕೆಂಡಿಗೆ 4.5 ಕಿ.ಮೀ. ವೇಗದಲ್ಲಿ, ಸುಮಾರು 430 ಕಿ.ಮೀ. ದೂರದಲ್ಲಿ. ಎರಡು ಫ್ರೇಮ್‌ಗಳ ನಡುವೆ ಅವು 10 ಲಕ್ಷ ಕಿ.ಮೀ.ಗೂ ಹೆಚ್ಚು ಅಗಲಿರುತ್ತವೆ. ಭೇಟಿ ಕಾಣಿಸುವುದೇ ಇಲ್ಲ. ಅಂಥಲ್ಲಿ ಕಾಲವನ್ನು ನಿಧಾನಿಸಬೇಕು, ನಿಧಾನಿಸಿದ್ದೇವೆ ಎಂದು ಪರದೆಯ ಮೂಲೆಯಲ್ಲಿ ಗಡಿಯಾರ ಇಟ್ಟು ತಿಳಿಸಲೂಬೇಕು. ಗಡಿಯಾರದಲ್ಲೂ ಒಂದು ಹೊಂಡ ಇದೆ. ವೆಕ್ಟರ್ ಪಟ್ಟಿಯ ಸಮಯ ಟಿಡಿಬಿ ಎಂಬ ಖಗೋಳ ಕಾಲಮಾನ, ನೌಕೆ ತೆಗೆದ ಫೋಟೊಗಳಿಗೆ ಹಾಕಿರುವುದು ಯುಟಿಸಿ ಎಂಬ ಜಾಗತಿಕ ಗಡಿಯಾರದ ಸಮಯ. ವ್ಯತ್ಯಾಸ 69 ಸೆಕೆಂಡು. ಡಿಂಕಿನೇಶ್ ಬಳಿ ಅಷ್ಟರಲ್ಲಿ ನೌಕೆ 311 ಕಿ.ಮೀ. ಸರಿದಿರುತ್ತದೆ, ನಿಮ್ಮ ಚಿತ್ರ ಫೋಟೊಗೆ ಹೊಂದುವುದೇ ಇಲ್ಲ.

ಬೆಳಕಿನ ವಿಷಯ ಚಿಕ್ಕದು. ಭೂಮಿಯ ಬಳಿ ಚದರ ಮೀಟರಿಗೆ 1,361 ವ್ಯಾಟ್, ಗುರುವಿನ ದೂರದಲ್ಲಿ ಸುಮಾರು 50, ಅಂದರೆ 27ರಲ್ಲಿ ಒಂದು ಪಾಲು. ಬ್ಲೆಂಡರಿನಲ್ಲಿ ಸೂರ್ಯನಾಗುವ ಸನ್ ಲ್ಯಾಂಪಿಗೆ ಅದೇ ಸಂಖ್ಯೆ ಕೊಡಿ, ಅದರ ಕೋನವನ್ನು, ಅಂದರೆ ಸೂರ್ಯ ಕಾಣುವ ಅಗಲವನ್ನು 0.53ರಿಂದ 0.1 ಡಿಗ್ರಿಗೆ ಇಳಿಸಿ, ನೆರಳಿನ ಅಂಚು ಚೂಪಾಗುತ್ತದೆ. ಚಿತ್ರ ಕಪ್ಪಾಯಿತೆಂದು ಇನ್ನೊಂದು ದೀಪ ಹಚ್ಚಬೇಡಿ, ಎಕ್ಸ್‌ಪೋಷರನ್ನು 4.75 ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಏರಿಸಿ. ಹಿನ್ನೆಲೆಯ ವರ್ಲ್ಡ್ ಬಣ್ಣ ತಾನಾಗಿ ಬೂದು ಇರುತ್ತದೆ, ಅದನ್ನು ಅಪ್ಪಟ ಕಪ್ಪು ಮಾಡದಿದ್ದರೆ ನೆರಳಿನ ಭಾಗವೆಲ್ಲ ಮಂಜು ಕವಿದಂತೆ ಆಗುತ್ತದೆ.

ಕಕ್ಕಡದ ಮಳೆಯಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ, ಆದ್ದರಿಂದ ನಮ್ಮ ಜಿಲ್ಲೆಯ ಮಕ್ಕಳಿಗೆ ಇದೊಂದನ್ನು ಒತ್ತಿ ಹೇಳಬೇಕು. ರೆಂಡರ್ ಮಾಡಲು, ಅಂದರೆ ಕಂಪ್ಯೂಟರ್ ಚಿತ್ರ ಬಿಡಿಸಲು, ಫ್ರೇಮಿಗೆ 2 ನಿಮಿಷ ಹಿಡಿದರೂ 1,500 ಫ್ರೇಮಿಗೆ 50 ಗಂಟೆ. ನೇರವಾಗಿ ವಿಡಿಯೊ ಫೈಲಿಗೆ ರೆಂಡರ್ ಮಾಡಿದರೆ ನಡುವೆ ಕರೆಂಟು ಹೋದಾಗ ಆ ಫೈಲ್ ತೆರೆಯದೇ ಹೋಗಬಹುದು. ಪಿಎನ್‌ಜಿ ಚಿತ್ರಗಳ ಸರಣಿಯಾಗಿ ರೆಂಡರ್ ಮಾಡಿ, ಓವರ್‌ರೈಟ್ ಆಯ್ಕೆ ತೆಗೆದುಹಾಕಿ ಪ್ಲೇಸ್‌ಹೋಲ್ಡರ್ಸ್ ಹಾಕಿ. ಕರೆಂಟು ಬಂದಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಆದರೆ ಅರ್ಧಕ್ಕೆ ನಿಂತ ಚಿತ್ರದ ಹೆಸರಿನಲ್ಲಿ 0 ಬೈಟಿನ ಖಾಲಿ ಫೈಲ್ ಉಳಿದಿರುತ್ತದೆ. ಅದನ್ನು ಅಳಿಸದಿದ್ದರೆ ಆ ಫ್ರೇಮ್ ಆಗಿದೆ ಎಂದೇ ತಂತ್ರಾಂಶ ತಿಳಿದು ಮುಂದೆ ಹೋಗುತ್ತದೆ.

ನಿಮ್ಮಲ್ಲಿ ನಮ್ಮ ಕೋರಿಕೆ ಒಂದೇ. ಇಂಥ ಚಿತ್ರ, ವಿಡಿಯೊ ಪ್ರಕಟಿಸುವಾಗ ಅದು ನೌಕೆ ತೆಗೆದ ಫೋಟೊ ಹೌದೋ, ಅಂಕಿಗಳಿಂದ ಮಾಡಿದ ಅನಿಮೇಷನ್ನೋ, ಬರೀ ಕಲ್ಪನೆಯೋ ಎಂದು ಕೆಳಗೆ ಒಂದು ಸಾಲು ಹಾಕಿ. ಡಿಂಕಿನೇಶನ್ನು 2023ರ ಅಕ್ಟೋಬರಿನಲ್ಲಿ ಯಾರೇ ಚಿತ್ರಿಸಿದ್ದರೂ ಒಂಟಿ ಬಂಡೆ ಬರೆಯುತ್ತಿದ್ದರು. ಲೂಸಿ ಹೋಗಿ ನೋಡಿದರೆ ಅದಕ್ಕೊಂದು ಉಪಗ್ರಹ; ಆ ಉಪಗ್ರಹವೇ ಒಂದಕ್ಕೊಂದು ಅಂಟಿಕೊಂಡ ಎರಡು ಉಂಡೆ. ತನ್ನ ಮೊದಲ ಟ್ರೋಜನ್ ಗುರಿಯಾದ ಯೂರಿಬೇಟಿಸ್ ಬಳಿ ಲೂಸಿ ಹಾಯಬೇಕಿರುವುದು 2027ರ ಆಗಸ್ಟ್ 12ರಂದು. ಅಲ್ಲಿಯವರೆಗೆ ಅದರ ಮೈಮೇಲೆ ಯಾರು ಬರೆದ ಕುಳಿಯೂ ಊಹೆಯದೇ, ಹಾಗೆಂದು ಮಕ್ಕಳಿಗೆ ತಿಳಿದಿರಲಿ.

ಇಂತಿ,
ಖಗೋಳ ಅನಿಮೇಷನ್ ಕಲಿಸುವ ಓದುಗರು,
ಮಡಿಕೇರಿ, ಕೊಡಗು